ಹೊಂಡಕ್ಕೆ ಸಬ್ಸಿಡಿ ಇದೆ, ಹೊಲ ಕಾಯುವ ಕೆಲಸಕ್ಕೆ?

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿ ಹೋದಾಗ ಎಲ್ಲಿ ನೋಡಿದರೂ ಅದೇ ಮಾತು. ಸರಪಳಿ ಹೇಗೆ ತುಂಡಾಯಿತು, ಎಷ್ಟು ನೀರು ಹೋಯಿತು, ಎರಡನೇ ಬೆಳೆಯ ಗತಿ ಏನು ಅಂತ. ಅದು ಒಂದು ರಾತ್ರಿಯ ಅನಾಹುತ. ಅದೇ ಜಲಾಶಯದಲ್ಲಿ ಎಪ್ಪತ್ತು ವರ್ಷಗಳಿಂದ ಇನ್ನೊಂದು ನಷ್ಟ ಸದ್ದಿಲ್ಲದೆ ನಡೆದಿದೆ. ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು 105 ಟಿಎಂಸಿಯ ಆಸುಪಾಸು. ಉಳಿದ ಜಾಗದಲ್ಲಿ ಹೂಳು ಕೂತಿದೆ. ಈ 28 ಟಿಎಂಸಿ ಅಂದರೆ ಕೃಷ್ಣರಾಜಸಾಗರದ ಅರ್ಧಕ್ಕಿಂತ ಜಾಸ್ತಿ.

ಆ ಹೂಳು ಎಲ್ಲಿಂದ ಬಂತು? ಒಂದಷ್ಟು ಗಣಿ ಮಣ್ಣು, ಒಂದಷ್ಟು ಕಾಡು ಕಡಿದ ಗುಡ್ಡದ ಮಣ್ಣು. ದೊಡ್ಡ ಪಾಲು ಮಾತ್ರ ಮೇಲ್ಭಾಗದ ಹೊಲಗಳಿಂದ ಮಳೆಗಾಲದಲ್ಲಿ ಕೊಚ್ಚಿ ಬಂದ ಮೇಲ್ಮಣ್ಣು. ಈಗ ಆ ನಷ್ಟ ತುಂಬಿಕೊಳ್ಳಲು ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆಯುತ್ತಿದೆ. ಅದು ಸಾವಿರಾರು ಕೋಟಿ ರೂಪಾಯಿಯ ಕೆಲಸ.

ಹೊಲದಲ್ಲಿ ಬದು ಹಾಕುವ ರೈತನಿಗೆ ಸರ್ಕಾರ ಯಾಕೆ ದುಡ್ಡು ಕೊಡಬೇಕು ಎಂದು ಕೇಳುವವರಿಗೆ ಉತ್ತರ ಇಲ್ಲೇ ಇದೆ. ಬದು ಹಾಕಿದರೆ ಹಾವೇರಿಯ ಹೊಲದಲ್ಲಿ ಮಣ್ಣು ಉಳಿಯುತ್ತದೆ, ಗಂಗಾವತಿಯ ಗದ್ದೆಗೆ ನೀರು ಸಿಗುತ್ತದೆ. ಖರ್ಚು ಮೇಲಿನವನದು, ಲಾಭದಲ್ಲಿ ಪಾಲು ಕೆಳಗಿನವರದು. ಜೊತೆಗೆ ಲಾಭ ಕಣ್ಣಿಗೆ ಕಾಣಲು ವರ್ಷಗಳು ಬೇಕು. ನಮ್ಮ ದೇಶದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16 ಟನ್ ಮಣ್ಣು ಸವೆಯುತ್ತದೆ ಎಂಬ ಅಂದಾಜು ಹಳೆಯದು. ಕೇಳಲು ದೊಡ್ಡದು. ಆದರೆ ಅದನ್ನು ಹೊಲದ ಮೇಲೆ ಹರಡಿ ನೋಡಿ, ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ದಪ್ಪ, ಅಷ್ಟೇ. ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳದ ನಷ್ಟಕ್ಕೆ ಈ ಜೂನ್‌ನಲ್ಲಿ, ಬೀಜ ಗೊಬ್ಬರಕ್ಕೇ ಸಾಲ ತಂದ ರೈತ ಕೈಯಿಂದ ದುಡ್ಡು ಹಾಕಲಿ ಎಂದರೆ ಅದು ನಡೆಯದ ಮಾತು.

ಹಾಗಾಗಿ ಸರ್ಕಾರ ಕೊಡಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಯಾವುದಕ್ಕೆ ಕೊಡುತ್ತಿದೆ ಎಂಬುದೇ ತಕರಾರು. ನಮ್ಮಲ್ಲಿ ಹಣ ಬರುವುದು ಒಮ್ಮೆ ಕಟ್ಟುವ, ಅಳೆಯಲು ಬರುವ, ಫೋಟೊ ತೆಗೆದು ಬಿಲ್ ಮಾಡಬಹುದಾದ ವಸ್ತುಗಳಿಗೆ. ಗುಂಡಿ, ಪೈಪು, ಪ್ಲಾಸ್ಟಿಕ್ಕು, ಯಂತ್ರ. ಮಣ್ಣು ಉಳಿಯುವುದು ಮಾತ್ರ ವರ್ಷವರ್ಷ ಮಾಡುವ ಸಣ್ಣ ಸಣ್ಣ ಕೆಲಸಗಳಿಂದ. ಅವುಗಳ ಪಾಲಿಗೆ ಬರುವುದು ಬಹಳ ಕಡಿಮೆ.

ಈಗ ಏನೇನು ಸಿಗುತ್ತದೆ

ಮೊದಲು ಪಟ್ಟಿಯನ್ನು ಬೇಗ ನೋಡಿಬಿಡೋಣ. ಹನಿ ಮತ್ತು ತುಂತುರು ನೀರಾವರಿಗೆ ಕೇಂದ್ರದ ಮಾರ್ಗಸೂಚಿ ಪ್ರಕಾರ ಸಣ್ಣ, ಅತಿಸಣ್ಣ ರೈತರಿಗೆ ಶೇ 55, ಉಳಿದವರಿಗೆ ಶೇ 45 ಸಹಾಯಧನ. ಕರ್ನಾಟಕ ಸರ್ಕಾರ ತನ್ನ ಪಾಲು ಸೇರಿಸಿ 2 ಹೆಕ್ಟೇರ್‌ವರೆಗೆ ಅದನ್ನು ಶೇ 90ಕ್ಕೆ ಏರಿಸಿದೆ. ಕೃಷಿ ಭಾಗ್ಯ ಯೋಜನೆಯಲ್ಲಿ ಕೃಷಿ ಹೊಂಡ, ಅದಕ್ಕೆ ಹೊದಿಕೆ, ಪಂಪ್‌ಸೆಟ್, ಸುತ್ತ ತಂತಿ ಬೇಲಿ. ಸಾಮಾನ್ಯ ವರ್ಗಕ್ಕೆ ಹೆಚ್ಚಿನ ಘಟಕಗಳಿಗೆ ಶೇ 80, ಪರಿಶಿಷ್ಟರಿಗೆ ಶೇ 90. ಉದ್ಯೋಗ ಖಾತರಿಯಲ್ಲಿ ಬದು, ಹೊಂಡ, ಇಂಗುಗುಂಡಿ; 2025-26ರಲ್ಲಿ ಅದರ ದಿನಗೂಲಿ 370 ರೂಪಾಯಿ. ಸಾವಯವಕ್ಕೆ 2015ರಿಂದ ಪರಂಪರಾಗತ ಕೃಷಿ ವಿಕಾಸ ಯೋಜನೆ. ಅದರಲ್ಲಿ ಈಗ ಮೂರು ವರ್ಷಕ್ಕೆ ಹೆಕ್ಟೇರಿಗೆ 31,500 ರೂಪಾಯಿ ಇದೆ, ರೈತನ ಖಾತೆಗೆ ನೇರವಾಗಿ ಬರುವುದು 15,000. ನೈಸರ್ಗಿಕ ಕೃಷಿಗೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಮಿಷನ್, 2,481 ಕೋಟಿ ರೂಪಾಯಿಯದು. ಜೊತೆಗೆ ವಿಶ್ವಬ್ಯಾಂಕ್ ನೆರವಿನ ಜಲಾನಯನ ಯೋಜನೆಗಳು. 2001ರಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡಗಳಲ್ಲಿ ಶುರುವಾದ ಸುಜಲದಿಂದ ಈಗಿನ ರಿವಾರ್ಡ್‌ವರೆಗೆ.

ಪಟ್ಟಿ ಉದ್ದವೇ ಇದೆ. ಆದರೆ ರೈತ ಸಂಪರ್ಕ ಕೇಂದ್ರದ ಬಾಗಿಲಲ್ಲಿ ಅರ್ಧ ಗಂಟೆ ನಿಂತು ನೋಡಿ. ಜನ ಕೇಳುವುದು ಮೂರ್ನಾಲ್ಕನ್ನೇ. ತಾಡಪಾಲು ಬಂತಾ, ಸ್ಪ್ರಿಂಕ್ಲರ್ ಪೈಪ್ ಯಾವಾಗ, ಹೊಂಡಕ್ಕೆ ಅರ್ಜಿ ತಗೋತೀರಾ. ಇದರಲ್ಲಿ ರೈತರ ತಪ್ಪೇನಿಲ್ಲ. ಮನೆಗೆ ತರಬಹುದಾದದ್ದು ಅದೇ ಅಲ್ವಾ.

ಒಂದು ಹೊಂಡದ ಲೆಕ್ಕ

ಕೃಷಿ ಹೊಂಡವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 2014ರಲ್ಲಿ ಶುರುವಾದ ಕೃಷಿ ಭಾಗ್ಯ, ಮಳೆಯಾಶ್ರಿತ ರೈತರಿಗೆಂದೇ ರೂಪಿಸಿದ ಕೆಲವೇ ಯೋಜನೆಗಳಲ್ಲಿ ಒಂದು. ಮೊದಲ ನಾಲ್ಕೈದು ವರ್ಷದಲ್ಲೇ ಲಕ್ಷಕ್ಕೂ ಜಾಸ್ತಿ ಹೊಂಡಗಳು ಬಂದವು. ಸರ್ಕಾರ ಬದಲಾದಾಗ ಸೊರಗಿತು, 2023ರಲ್ಲಿ ಮತ್ತೆ 100 ಕೋಟಿ ರೂಪಾಯಿ ಇಟ್ಟು ಎಬ್ಬಿಸಿದರು. ಅದೇ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆಯಾಯಿತು. ಹೊಂಡ ಬೇಕು ಎಂದು ವಾದಿಸುವ ಅಗತ್ಯವೇ ಇರಲಿಲ್ಲ.

ದೊಡ್ಡ ಅಳತೆಯ ಹೊಂಡ ಮೇಲ್ಗಡೆ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ. ಗೋಡೆ ಇಳಿಜಾರಾಗಿರುವುದರಿಂದ ತಳ 15 ಮೀಟರ್ ಚೌಕಕ್ಕೆ ಇಳಿಯುತ್ತದೆ. ತುಂಬಿದರೆ ಸುಮಾರು 9.8 ಲಕ್ಷ ಲೀಟರ್. ಒಂದು ಎಕರೆಗೆ ಎರಡು ಇಂಚು ನೀರು ಕಟ್ಟಲು ಸುಮಾರು 2 ಲಕ್ಷ ಲೀಟರ್ ಬೇಕು. ಅಂದರೆ ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ, ಐದು ಎಕರೆ ತೊಗರಿಯನ್ನೋ ಶೇಂಗಾವನ್ನೋ ಒಂದು ಸಲ ಉಳಿಸಿಕೊಳ್ಳಬಹುದು. ತುಂತುರು ಹಾಕಿದರೆ ಇನ್ನೂ ಸ್ವಲ್ಪ ಜಾಸ್ತಿ. ಬರಗಾಲದಲ್ಲಿ ಆ ಒಂದು ನೀರು ಅಂದರೆ ಬೆಳೆ ಮನೆಗೆ ಬರುವುದಕ್ಕೂ ದನಕ್ಕೆ ಮೇವಾಗುವುದಕ್ಕೂ ಇರುವ ವ್ಯತ್ಯಾಸ. ಈ ಯೋಜನೆ ಸುಮ್ನೆ ಜನಪ್ರಿಯವಾದದ್ದಲ್ಲ.

ಇನ್ನೊಂದು ಕಡೆಯ ಲೆಕ್ಕವೂ ಇದೆ. ಹೊಂಡಕ್ಕೆ ಹೋಗುವ ಜಾಗ ನಾಲ್ಕೂವರೆ ಗುಂಟೆ, ಸುತ್ತಲ ಏರಿ ಸೇರಿದರೆ ಐದಾರು. ಎಂಟು ಎಕರೆ ಇದ್ದವನಿಗೆ ಅದು ಲೆಕ್ಕಕ್ಕಿಲ್ಲ. ಎರಡು ಎಕರೆಯವನಿಗೆ ದೊಡ್ಡದು. ಅವನು 10 ಅಥವಾ 12 ಮೀಟರ್ ಹೊಂಡಕ್ಕೆ ಇಳಿಯುತ್ತಾನೆ. 12 ಮೀಟರ್ ಹೊಂಡದಲ್ಲಿ ಹಿಡಿಯುವುದು ಎರಡೂವರೆ ಲಕ್ಷ ಲೀಟರ್, ಅಂದರೆ ದೊಡ್ಡದರ ಕಾಲು ಭಾಗ. ಅಳತೆ ಸಣ್ಣದಾದಷ್ಟೂ ಹೊಂಡದ ಉಪಯೋಗ ಜೋರಾಗಿ ಕುಸಿಯುತ್ತದೆ.

ಮಣ್ಣಿನ ವಿಚಾರ ಇನ್ನೊಂದು. ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣಿನಲ್ಲಿ ಹೊದಿಕೆ ಇಲ್ಲದ ಹೊಂಡ ವಾರದಲ್ಲಿ ಬರಿದು. ನೀರು ಇಂಗಿ ಅಂತರ್ಜಲಕ್ಕೆ ಸೇರುತ್ತದೆ, ಅದೂ ಒಳ್ಳೆಯದೇ, ಆದರೆ ಹೊಂಡದ ಒಡೆಯನಿಗೆ ಕೈಗೆ ಸಿಗುವುದಿಲ್ಲ. ಅದಕ್ಕೆ ಪ್ಲಾಸ್ಟಿಕ್ ಹೊದಿಕೆ. ಹೊದಿಕೆಯನ್ನು ಇಲಿ ಹೆಗ್ಗಣ ಕಡಿಯುತ್ತವೆ, ನೀರಿಲ್ಲದ ತಿಂಗಳಲ್ಲಿ ಬಿಸಿಲಿಗೆ ಬಿರಿಯುತ್ತದೆ, ಹೂಳೆತ್ತಲು ಇಳಿದವನ ಗುದ್ದಲಿ ತಾಗಿ ಹರಿಯುತ್ತದೆ. ಕೆಲವು ವರ್ಷಕ್ಕೆ ಹೊಸದು ಬೇಕು. ಮೊದಲ ಸಲ ಸರ್ಕಾರದ ದುಡ್ಡು, ಎರಡನೇ ಸಲ ಅವನದೇ. ಆಗ ಎಷ್ಟೋ ಹೊಂಡಗಳು ಜಾಲಿ ಬೆಳೆದ ಗುಂಡಿಗಳಾಗುತ್ತವೆ. ಯೋಜನೆಯ ಲೆಕ್ಕದಲ್ಲಿ ಮಾತ್ರ ಅವು ಎಂದಿಗೂ ‘ಪೂರ್ಣಗೊಂಡ’ ಹೊಂಡಗಳೇ.

ಬೇಲಿಯ ಕಥೆ ಹೇಳಲೇಬೇಕು. ಪ್ಲಾಸ್ಟಿಕ್ ಹಾಸಿದ ಇಳಿಜಾರು ಒದ್ದೆಯಾದರೆ ಹಿಡಿತವೇ ಸಿಗುವುದಿಲ್ಲ. ಈಜು ಬಲ್ಲವನೂ ಹತ್ತಿ ಬರಲಾರ. ಈಜಲು ಹೋದ ಮಕ್ಕಳು, ನೀರು ಕುಡಿಯಲು ಇಳಿದ ದನ ಕುರಿ ಹೊಂಡದಲ್ಲಿ ಸತ್ತ ಸುದ್ದಿಗಳು ಒಂದರ ಹಿಂದೆ ಒಂದು ಬಂದ ಮೇಲೆ ತಂತಿ ಬೇಲಿ ಯೋಜನೆಯ ಭಾಗವಾಯಿತು. ಹಳೆಯ ಹೊಂಡಗಳು ಬಹಳಷ್ಟು ಇನ್ನೂ ಹಾಗೇ ಇವೆ. ಒಂದು ಹಗ್ಗ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟರೂ ಒಂದು ಜೀವ ಉಳಿದೀತು.

ಎಲ್ಲಕ್ಕಿಂತ ದೊಡ್ಡ ತಿರುವು ಬೇರೆ. ಮಳೆ ನೀರು ಹಿಡಿಯಲೆಂದು ತೋಡಿದ ಹೊಂಡಕ್ಕೆ ಕೆಲವೆಡೆ ಕೊಳವೆಬಾವಿಯ ನೀರು ತುಂಬಿಸುತ್ತಾರೆ. ಕರೆಂಟ್ ಇದ್ದಷ್ಟು ಹೊತ್ತು ಎತ್ತಿ ಹೊಂಡದಲ್ಲಿಟ್ಟು, ಬೇಕಾದಾಗ ತೋಟಕ್ಕೆ ಬಿಡುವುದು. ಮಹಾರಾಷ್ಟ್ರದ ದ್ರಾಕ್ಷಿ, ದಾಳಿಂಬೆ ಸೀಮೆಯಲ್ಲಿ ಇದು ಮಾಮೂಲಿ. ನಮ್ಮ ಬಯಲುಸೀಮೆಯ ತರಕಾರಿ ಬೆಳೆಗಾರರಿಗೂ ಹೊಸದಲ್ಲ. ರೈತನ ದೃಷ್ಟಿಯಿಂದ ಜಾಣತನವೇ. ಆದರೆ ನೆಲದ ಒಳಗಿದ್ದ ನೀರು ಬಿಸಿಲಿಗೆ ಬಂದು ಕೂರುತ್ತದೆ. 441 ಚದರ ಮೀಟರ್ ನೀರಿನ ಮೇಲ್ಮೈಯಿಂದ ದಿನಕ್ಕೆ 5 ಮಿಲಿಮೀಟರ್ ಆವಿಯಾಗುತ್ತದೆ ಎಂದು ಹಿಡಿಯಿರಿ, 2,200 ಲೀಟರ್ ಗಾಳಿಗೆ. ಸಂರಕ್ಷಣೆಗೆ ಕೊಟ್ಟ ಹಣ ಅಂತರ್ಜಲ ಖಾಲಿ ಮಾಡುವ ಕೆಲಸಕ್ಕೆ ಹೋಯಿತು.

ಫೋಟೊಗೆ ಸಿಗದ ಕೆಲಸ

ಈಗ ಇದಕ್ಕೆ ತದ್ವಿರುದ್ಧವಾದ ಒಂದು ಕೆಲಸ ನೋಡಿ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿ ಮುಂಗಾರಿನಲ್ಲಿ ಎಷ್ಟೋ ಹೊಲ ಖಾಲಿ ಬಿಟ್ಟಿರುತ್ತಾರೆ. ಬಿತ್ತುವುದು ಹಿಂಗಾರಿಗೆ, ಮಾಲದಂಡಿ ಜೋಳ ಅಥವಾ ಕಡಲೆ. ಜೂನ್ ಜುಲೈನಲ್ಲಿ ಹರಗಿದ ಮೇಲೆ ಹೊಲವನ್ನು ಒಂದು ಗೇಣು ಎತ್ತರದ ಬದುಗಳಿಂದ ಸಣ್ಣ ಸಣ್ಣ ಚೌಕಗಳಾಗಿ ಮಾಡಿಬಿಟ್ಟರೆ, ಬಿದ್ದ ಮಳೆ ಅಲ್ಲೇ ನಿಂತು ಅಲ್ಲೇ ಇಂಗುತ್ತದೆ. ಇದಕ್ಕೆ ಚೌಕು ಮಡಿ ಎನ್ನುತ್ತಾರೆ. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾದದ್ದು 1930ರ ದಶಕದಲ್ಲಿ. ಅಲ್ಲಿನ ವಿಜ್ಞಾನಿಗಳು ಹಿಂಗಾರಿ ಬೆಳೆಗೆ ಬಹಳ ಕಾಲದಿಂದ ಹೇಳುತ್ತಾ ಬಂದ ಸಲಹೆ ಇದು. ಸಿಮೆಂಟ್ ಬೇಡ, ಪ್ಲಾಸ್ಟಿಕ್ ಬೇಡ. ಎತ್ತು ಅಥವಾ ಟ್ರ್ಯಾಕ್ಟರ್‌ಗೆ ಬದು ಹಾಕುವ ಸಲಕರಣೆ ಕಟ್ಟಿದರೆ ಸಾಕು.

ಅದರ ತೊಂದರೆ ಒಂದೇ. ಬಿತ್ತನೆ ಹೊತ್ತಿಗೆ ಎಲ್ಲ ಕೆಡಿಸಿ ನೆಲ ಸಮ ಮಾಡಬೇಕು. ಅಕ್ಟೋಬರ್‌ನಲ್ಲಿ ತನಿಖೆಗೆ ಬಂದ ಅಧಿಕಾರಿಗೆ ಏನೂ ಕಾಣುವುದಿಲ್ಲ. ಮುಂದಿನ ವರ್ಷ ಮತ್ತೆ ಮಾಡಬೇಕು. ಹೀಗೆ ಹುಟ್ಟಿ ಸಾಯುವ ಕೆಲಸಕ್ಕೆ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು ಯಾವುದೂ ಹೊಂದುವುದಿಲ್ಲ. ಬದು ಹಾಕುವ ಸಲಕರಣೆ ಕೊಳ್ಳಲು ಸಬ್ಸಿಡಿ ಸಿಕ್ಕೀತು, ಅದನ್ನು ಹೊಲದಲ್ಲಿ ಓಡಿಸಲು ಸಿಗುವುದಿಲ್ಲ.

ಇದೇ ಸಾಲಿಗೆ ಸೇರುವ ಕೆಲಸಗಳು ಇನ್ನೂ ಇವೆ. ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಡುವುದು. ಭತ್ತಕ್ಕೆ ಮುಂಚೆ ಸೆಣಬೋ ಡಯಾಂಚವೋ ಬೆಳೆದು ಮಣ್ಣಿಗೆ ಸೇರಿಸುವುದು. ಇಳಿಜಾರಿಗೆ ಅಡ್ಡ ಉಳುವುದು. ಬೆಳಗಾವಿ ಕಡೆ ಕಬ್ಬು ಕಡಿದ ಮೇಲೆ ಉಳಿಯುವ ಒಣ ಎಲೆಗೆ, ಅಂದರೆ ರವದಿಗೆ, ಬೆಂಕಿ ಇಡದೆ ಸಾಲಿನ ನಡುವೆ ಹಾಕಿ ಕೊಳೆಸುವುದು. ಬೆಂಕಿ ಇಟ್ಟರೆ ಒಂದು ಕಡ್ಡಿಯ ಖರ್ಚು. ಕೊಳೆಸಲು ಆಳು ಬೇಕು, ಮತ್ತೆ ಚಿಗುರುವ ಕೂಳೆಗೆ ಮೊದಲ ನೀರು ಹಾಯಿಸುವುದು ಕಷ್ಟ, ಇಲಿ ಕಾಟ ಬೇರೆ. ಎರಡು ಮೂರು ವರ್ಷ ಕಳೆದರೆ ಮಣ್ಣು ಮೆತ್ತಗಾಗುತ್ತದೆ, ನೀರಿನ ಸರದಿ ಮುಂದೆ ಹೋಗುತ್ತದೆ. ಅಲ್ಲಿವರೆಗಿನ ಕಷ್ಟವನ್ನು ಯಾರು ಹೊರಬೇಕು? ಸಹಾಯಧನ ಬೇಕಾಗಿರುವುದು ಆ ನಡುವಿನ ಎರಡು ಮೂರು ವರ್ಷಕ್ಕೆ.

ಕಾಯಂ ಬದುಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಜಲಾನಯನ ಯೋಜನೆಗಳಲ್ಲಿ ಹಾಕಿದ ಬದುಗಳನ್ನು ಎಷ್ಟೋ ಕಡೆ ರೈತರೇ ಒಡೆದು ಉತ್ತಿದ್ದಾರೆ. ಅಜ್ಞಾನ ಎಂದು ಬಯ್ಯುವ ಮುಂಚೆ ಕಾರಣ ಕೇಳಬೇಕು. ಸಮಪಾತಳಿ ಬದು ಇಳಿಜಾರನ್ನು ನೋಡಿ ಸಾಗುತ್ತದೆ, ಪಹಣಿಯ ಗಡಿಯನ್ನು ನೋಡಿ ಅಲ್ಲ. ಒಂದೂವರೆ ಎಕರೆ ಹೊಲದ ನಡುವೆ ಅದು ಓರೆಯಾಗಿ ಹಾದು ಹೋದರೆ ಟ್ರ್ಯಾಕ್ಟರ್ ತಿರುಗಿಸಲು ಜಾಗವಿಲ್ಲ. ಆಳವಾದ ಎರೆ ಮಣ್ಣಿನಲ್ಲಂತೂ ಬದುವಿನ ಮೇಲ್ಬದಿ ನೀರು ವಾರಗಟ್ಟಲೆ ನಿಂತು ಬೆಳೆ ಹಳದಿಯಾಗುತ್ತದೆ. ಅಲ್ಲಿಗೆ ನೀರನ್ನು ನಿಧಾನವಾಗಿ ಹೊರಗೆ ಬಿಡುವ ಇಳಿಜಾರು ಬದು ಬೇಕು ಎಂದು ಸಂಶೋಧಕರು ಹೇಳಿ ದಶಕಗಳಾದವು. ಆದರೂ ಮೀಟರ್ ಲೆಕ್ಕದಲ್ಲಿ ಗುರಿ ಮುಟ್ಟಬೇಕಾದಾಗ ಯಾವ ಮಣ್ಣು ಎಂದು ನೋಡುವ ವ್ಯವಧಾನ ಯಾರಿಗಿದೆ.

ಬದುಕಿದ ಗಿಡಕ್ಕೆ ಮಾತ್ರ ಹಣ

ವರ್ಷವರ್ಷದ ಕೆಲಸಕ್ಕೆ ಹಣ ಕೊಡಲು ಆಗುವುದೇ ಇಲ್ಲ ಎನ್ನುವವರಿಗೆ ನಮ್ಮಲ್ಲೇ ಒಂದು ಉತ್ತರ ಇದೆ. ಅದು ಕೃಷಿ ಇಲಾಖೆಯದಲ್ಲ, ಅರಣ್ಯ ಇಲಾಖೆಯದು. 2011-12ರಲ್ಲಿ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ಇಲಾಖೆಯ ನರ್ಸರಿಯಿಂದ ಕಡಿಮೆ ಬೆಲೆಗೆ ಸಸಿ ಒಯ್ದು ಹೊಲದಲ್ಲಿ, ಬದುವಿನ ಮೇಲೆ ನೆಡಬೇಕು. ಒಂದು ವರ್ಷದ ಕೊನೆಗೆ ಬದುಕಿದ ಪ್ರತಿ ಗಿಡಕ್ಕೆ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಒಟ್ಟು 125. ಹೆಕ್ಟೇರಿಗೆ 400 ಗಿಡದವರೆಗೆ. ಎಲ್ಲ ಬದುಕಿದರೆ ಮೂರು ವರ್ಷಕ್ಕೆ 50,000 ರೂಪಾಯಿ.

ನೆಟ್ಟಿದ್ದಕ್ಕೆ ಒಂದು ಪೈಸೆಯೂ ಇಲ್ಲ, ಉಳಿಸಿದ್ದಕ್ಕೆ ಮಾತ್ರ. ಬೇಸಿಗೆಯಲ್ಲಿ ಕೊಡ ಹೊತ್ತು ನೀರು ಹಾಕುವುದು, ಮೇಕೆ ಬಾಯಿಗೆ ಸಿಗದ ಹಾಗೆ ಮುಳ್ಳು ಕಟ್ಟುವುದು, ಇದಕ್ಕೆಲ್ಲ ಬೆಲೆ ಕಟ್ಟಿದ ಯೋಜನೆ ನಮ್ಮಲ್ಲಿ ಅಪರೂಪ. ಕೊರತೆಗಳಿಲ್ಲ ಅಂತಲ್ಲ. ಎಣಿಸಲು ಸಿಬ್ಬಂದಿ ಬರಬೇಕು, ಹಣ ತಡವಾಗುತ್ತದೆ. ರೈತರು ಹೊಂಗೆ, ಬೇವಿಗಿಂತ ಬೇಗ ಕಾಸಾಗುವ ತೇಗ, ಸಿಲ್ವರ್ ಓಕ್, ಹೆಬ್ಬೇವನ್ನೇ ಕೇಳುತ್ತಾರೆ. ನಾಳೆ ಕಡಿಯಲು ಅನುಮತಿಗೆ ಅಲೆಯಬೇಕೇನೋ ಎಂಬ ಭಯ ಬೇರೆ. ಆದರೂ ಹಣ ಕೊಡುವ ರೀತಿ ಸರಿ ಇದೆ. ಸಿರಿಧಾನ್ಯಕ್ಕೆ ಹೆಕ್ಟೇರಿಗೆ 10,000 ರೂಪಾಯಿ ಕೊಟ್ಟ ರೈತ ಸಿರಿಯಲ್ಲೂ, ನೈಸರ್ಗಿಕ ಕೃಷಿ ಮಿಷನ್ ಎರಡು ವರ್ಷ ಎಕರೆಗೆ 4,000 ರೂಪಾಯಿಯಂತೆ ಕೊಡುವ ಪ್ರೋತ್ಸಾಹಧನದಲ್ಲೂ ಇದೇ ದಾರಿಯ ಸುಳಿವು ಇದೆ. ಎರಡೂ ಸಣ್ಣವು.

ಅಮೆರಿಕದಲ್ಲಿ 1930ರ ದಶಕದ ದೂಳಿನ ಬಿರುಗಾಳಿಗಳು ಹೊಲಗಳನ್ನೇ ಎತ್ತಿಕೊಂಡು ಹೋದ ಮೇಲೆ, 1935ರಲ್ಲಿ ಮಣ್ಣು ಸಂರಕ್ಷಣೆಗೆಂದೇ ಒಂದು ಇಲಾಖೆ ಹುಟ್ಟಿತು. 1985ರಿಂದ ಅಲ್ಲಿ ಸವೆಯುವ ನೆಲವನ್ನು 10-15 ವರ್ಷ ಉಳದೆ ಹುಲ್ಲು ಬೆಳೆಸಿ ಬಿಟ್ಟರೆ ಸರ್ಕಾರ ವರ್ಷವರ್ಷ ಬಾಡಿಗೆ ಕೊಡುತ್ತದೆ. ಯುರೋಪಿನ ಒಕ್ಕೂಟ 2023ರಿಂದ ರೈತರಿಗೆ ಕೊಡುವ ನೇರ ಹಣದ ಕಾಲು ಭಾಗವನ್ನು ಪರಿಸರ ಕಾಯುವ ಪದ್ಧತಿಗಳಿಗೆ ಎಂದು ಎತ್ತಿಟ್ಟಿದೆ. ಅದನ್ನು ಹಾಗೇ ಇಲ್ಲಿಗೆ ತರಲಾಗದು. ನಮ್ಮ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಉಳದೆ ಬಿಡು ಎಂದರೆ ಉಣ್ಣುವುದೇನು? ಕಲಿಯಬೇಕಾದದ್ದು ಹಣ ಕೊಡುವ ಅವಧಿಯ ವಿಷಯದಲ್ಲಿ. ಅವರು ಒಪ್ಪಂದ ಮಾಡಿಕೊಂಡು ವರ್ಷಗಟ್ಟಲೆ ಕೊಡುತ್ತಾರೆ, ನಾವು ಒಂದು ಸಲ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ.

ಇನ್ನೊಂದು ಕೈ ಮಾಡುವ ಕೆಲಸ

ಸಂರಕ್ಷಣೆಯ ಸಬ್ಸಿಡಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅದೇ ಹೊಲಕ್ಕೆ ಬೇರೆ ಸಬ್ಸಿಡಿಗಳೂ ಬರುತ್ತವೆ, ಅವು ಎಳೆಯುವುದು ಬೇರೆ ದಿಕ್ಕಿಗೆ.

45 ಕಿಲೋ ಯೂರಿಯಾ ಚೀಲ ರೈತನಿಗೆ ಸಿಗುವುದು 266 ರೂಪಾಯಿ ಚಿಲ್ಲರೆಗೆ. ವರ್ಷಗಳಿಂದ ಬೆಲೆ ಬದಲಾಗಿಲ್ಲ. ಒಂದು ಟ್ರೈಲರ್ ಕೊಟ್ಟಿಗೆ ಗೊಬ್ಬರಕ್ಕೆ ಸಾವಿರಾರು ರೂಪಾಯಿ, ಹರಡುವ ಕೂಲಿ ಬೇರೆ. ಯುಕ್ರೇನ್ ಯುದ್ಧದಿಂದ ಅನಿಲದ ಬೆಲೆ ಏರಿದ 2022-23ರಲ್ಲಿ ಕೇಂದ್ರದ ರಸಗೊಬ್ಬರ ಸಬ್ಸಿಡಿ ಎರಡೂವರೆ ಲಕ್ಷ ಕೋಟಿ ರೂಪಾಯಿ ಮುಟ್ಟಿತು. ಇಡೀ ನೈಸರ್ಗಿಕ ಕೃಷಿ ಮಿಷನ್‌ನ ಮೊತ್ತ ಆ ಒಂದು ವರ್ಷದ ಸಬ್ಸಿಡಿಯ ನೂರರಲ್ಲಿ ಒಂದು ಪಾಲು. ಗೊಬ್ಬರದ ಸಬ್ಸಿಡಿ ತೆಗೆದುಬಿಡಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಮೊದಲು ಮುಳುಗುವವನು ಸಣ್ಣ ರೈತ, ಆಮೇಲೆ ಅಕ್ಕಿ ಕೊಳ್ಳುವ ನಾವು ನೀವು. ಆದರೆ ಸಾವಯವ ಇಂಗಾಲ ಕುಸಿದ ಮಣ್ಣಿಗೆ ಸರ್ಕಾರ ಎಡಗೈಯಲ್ಲಿ ಚಿಟಿಕೆ ಔಷಧಿ, ಬಲಗೈಯಲ್ಲಿ ಅಗ್ಗದ ಯೂರಿಯಾ ಕೊಡುತ್ತಿದೆ ಎಂಬುದು ಗೊತ್ತಿರಬೇಕು. ಕೇಂದ್ರದ 2023ರ ಪಿಎಂ-ಪ್ರಣಾಮ್ ಯೋಜನೆ ಈ ಗಂಟನ್ನು ಸ್ವಲ್ಪ ಮುಟ್ಟಿದೆ. ರಸಗೊಬ್ಬರ ಬಳಕೆ ಇಳಿಸಿದ ರಾಜ್ಯಕ್ಕೆ ಉಳಿದ ಸಬ್ಸಿಡಿಯ ಅರ್ಧ ವಾಪಸ್. ವಿಚಾರ ಒಳ್ಳೆಯದು. ಆದರೆ ಹಣ ಸೇರುವುದು ರಾಜ್ಯದ ಖಜಾನೆಗೆ. ಒಂದು ಚೀಲ ಕಡಿಮೆ ಹಾಕಿದ ರೈತನ ಖಾತೆಗೆ ನೇರವಾಗಿ ಏನೂ ಬರುವುದಿಲ್ಲ.

ನೀರಿನದು ಇನ್ನೂ ಸಿಕ್ಕು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ 2008ರಿಂದ ಕರೆಂಟ್ ಉಚಿತ. ಸರ್ಕಾರ ಅದಕ್ಕೆ ವರ್ಷಕ್ಕೆ ಹತ್ತು ಸಾವಿರ ಕೋಟಿಗೂ ಜಾಸ್ತಿ ಭರಿಸುತ್ತದೆ. ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೋ ಎಂದು ಆಟೋ ಸ್ಟಾರ್ಟರ್ ಹಾಕಿ ಮಲಗುತ್ತಾರೆ. ನಡುರಾತ್ರಿ ಮೋಟಾರ್ ತಾನೇ ಓಡಿ, ನೀರು ಬೆಳಗಿನವರೆಗೆ ಹರಿಯುತ್ತದೆ. ಅದೇ ಹೊಲಕ್ಕೆ ಶೇ 90 ಸಬ್ಸಿಡಿಯ ಡ್ರಿಪ್ ಕೂಡ. ಡ್ರಿಪ್‌ನಿಂದ ನೀರು ಉಳಿಯುತ್ತದೆ, ಅದು ನಿಜ. ಉಳಿದ ನೀರು ನೆಲದಲ್ಲಿ ಉಳಿಯುವುದಿಲ್ಲ, ಪಕ್ಕದ ಎಕರೆಗೆ ಹೋಗುತ್ತದೆ. ಒಂದು ಎಕರೆ ಟೊಮೆಟೊ ಬೆಳೆಯುತ್ತಿದ್ದ ಕೊಳವೆಬಾವಿಯಲ್ಲಿ ಎರಡು ಎಕರೆ ಬರುತ್ತದೆ. ರೈತನಿಗೆ ಆದಾಯ ಹೆಚ್ಚಿತು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಂತರ್ಜಲದ ಲೆಕ್ಕದಲ್ಲಿ ಉಳಿತಾಯ ಸೊನ್ನೆ. ಡ್ರಿಪ್ ಚೆನ್ನಾಗಿ ಹಬ್ಬಿದ ಜಾಗಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಸೇರಿವೆ. ಅಲ್ಲೇ ಕೊಳವೆಬಾವಿ ಸಾವಿರ ಅಡಿ ದಾಟಿವೆ. ಡ್ರಿಪ್ ಬೇಡ ಎಂದಲ್ಲ. ಅದನ್ನು ನೀರಾವರಿ ಸಬ್ಸಿಡಿ ಎಂದು ಕರೆದರೆ ಸರಿ, ಅಂತರ್ಜಲ ಸಂರಕ್ಷಣೆ ಎಂದು ಕರೆದರೆ ಪಂಪಿನ ಮೇಲೂ ಏನಾದರೂ ಮಿತಿ ಬೇಕು.

ಯಾರ ಕೈ ಸೇರುತ್ತದೆ

ಅರ್ಜಿ ಹಾಕಲು ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತರ ನೋಂದಣಿ ಸಂಖ್ಯೆ, ಬೇಕು. ಅದಕ್ಕೆ ಪಹಣಿ ಬೇಕು. ಪಹಣಿಯಲ್ಲಿ ತೀರಿಹೋದ ತಾತನ ಹೆಸರು ಇದ್ದರೆ ಪೌತಿ ಖಾತೆ ಆಗಬೇಕು. ಅಣ್ಣತಮ್ಮಂದಿರ ಜಂಟಿ ಖಾತೆಯಾದರೆ ಎಲ್ಲರ ಒಪ್ಪಿಗೆ ಪತ್ರ, ಛಾಪಾ ಕಾಗದ. ಹೊಲದಲ್ಲಿ ದಿನವಿಡೀ ದುಡಿಯುವ ಹೆಂಗಸಿನ ಹೆಸರಿಗೆ ಪಹಣಿ ಇರುವುದು ಕಡಿಮೆ. ಇಷ್ಟೆಲ್ಲ ಆಗಿ ಮಂಜೂರಾದರೂ ರೈತನ ವಂತಿಗೆ ಮೊದಲು ಕಟ್ಟಬೇಕು. ಕೆಲವು ಯೋಜನೆಗಳಲ್ಲಿ ಪೂರ್ತಿ ಕೆಲಸ ಮುಗಿಸಿ ಆಮೇಲೆ ಹಣಕ್ಕೆ ಕಾಯಬೇಕು. ಜೆಸಿಬಿಯವನು ಗಂಟೆ ಲೆಕ್ಕದಲ್ಲಿ ಅಂದೇ ಕೇಳುತ್ತಾನೆ, ಬಿಲ್ಲು ಮಾರ್ಚ್‌ನಲ್ಲಿ ಆಗುತ್ತದೆ. ನಡುವಿನ ತಿಂಗಳುಗಳನ್ನು ದಾಟಬಲ್ಲವನಿಗೆ ಮಾತ್ರ ಶೇ 80 ಸಬ್ಸಿಡಿ ನಿಜಕ್ಕೂ ಶೇ 80. ಉಳಿದವನು ಬಡ್ಡಿ ಕಟ್ಟುತ್ತಾನೆ, ಇಲ್ಲವೇ ಅರ್ಜಿಯನ್ನೇ ಹಾಕುವುದಿಲ್ಲ.

ಎಲ್ಲರಿಗಿಂತ ಹೊರಗೆ ಉಳಿಯುವವರು ಬೇರೆಯವರ ಹೊಲವನ್ನು ಲಾವಣಿಗೋ (ಗೇಣಿಗೋ) ಪಾಲಿಗೋ ಮಾಡುವವರು. 1974ರ ಭೂಸುಧಾರಣೆ ಗೇಣಿಯನ್ನೇ ರದ್ದು ಮಾಡಿತು. ಆ ಕಾಲಕ್ಕೆ ದೊಡ್ಡ ಕೆಲಸ ಅದು, ಲಕ್ಷಾಂತರ ಗೇಣಿದಾರರು ಭೂಮಿಯ ಒಡೆಯರಾದರು. ಆದರೆ ಗೇಣಿ ಕಾಗದದಲ್ಲಿ ಹೋಯಿತೇ ಹೊರತು ಊರಲ್ಲಿ ಹೋಗಲಿಲ್ಲ. ಒಡೆಯ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತಾನೆ, ಹೊಲ ಇನ್ನೊಬ್ಬ ಮಾಡುತ್ತಾನೆ. ಮಾತಿನ ಒಪ್ಪಂದ, ವರ್ಷಕ್ಕೊಮ್ಮೆ. ಮುಂದಿನ ವರ್ಷ ಈ ಹೊಲ ತನಗೇ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದವನು ಯಾಕೆ ಬದು ಹಾಕುತ್ತಾನೆ, ಯಾಕೆ ಗೊಬ್ಬರ ಹೊರುತ್ತಾನೆ? ಒಡೆಯನಿಗೆ ಹೊಲದ ಮೇಲೆ ಕಣ್ಣಿಲ್ಲ, ಮಾಡುವವನಿಗೆ ಕಾಗದ ಇಲ್ಲ. ನೀತಿ ಆಯೋಗ 2016ರಲ್ಲಿ ಗೇಣಿಯನ್ನು ಕಾನೂನಿನೊಳಗೆ ತರುವ ಮಾದರಿ ಕಾಯ್ದೆ ಮುಂದಿಟ್ಟಿತು. ಮತ್ತೆ ಜಮೀನ್ದಾರಿ ಬರುತ್ತದೆ ಎಂಬ ಹೆದರಿಕೆ ಇಲ್ಲಿ ಇದೆ, ಅದು ಪೂರ್ತಿ ಆಧಾರವಿಲ್ಲದ ಹೆದರಿಕೆಯಲ್ಲ. ಹಾಗಿದ್ದರೂ ಮಾಲೀಕತ್ವದ ಹಕ್ಕು ಮುಟ್ಟದೆ, ಈ ಹಂಗಾಮಿನಲ್ಲಿ ಈ ಹೊಲ ಮಾಡುತ್ತಿರುವವರು ಇವರು ಎಂದು ಬರೆದುಕೊಳ್ಳುವ ಬರೀ ಒಂದು ದಾಖಲೆ ಇದ್ದರೂ ಸಹಾಯಧನದ ದಾರಿ ತೆರೆಯುತ್ತದೆ.

ಅಂಥ ದಾಖಲೆಗೆ ಬೇಕಾದ ಸಲಕರಣೆ ಈಗಾಗಲೇ ಇದೆ. ಪ್ರತಿ ಹಂಗಾಮಿನಲ್ಲೂ ಬೆಳೆ ಸಮೀಕ್ಷೆ ನಡೆಯುತ್ತದೆ. ಮೊಬೈಲ್ ಹಿಡಿದು ಪ್ರತಿ ಸರ್ವೆ ನಂಬರ್‌ಗೆ ಹೋಗಿ ಬೆಳೆಯ ಫೋಟೊ ತೆಗೆಯುತ್ತಾರೆ, ಜಾಗದ ಗುರುತೂ ಅದರಲ್ಲೇ ಬರುತ್ತದೆ. 2020ರಿಂದ ರೈತರೇ ಆ್ಯಪ್‌ನಲ್ಲಿ ಹಾಕಬಹುದು. ಆ ನಮೂನೆಗೆ ಎರಡು ಕಲಂ ಸೇರಿಸಿದರೆ ಸಾಕು: ಹೊಲ ಮಾಡುವವರು ಯಾರು, ಚೌಕು ಮಡಿಯೋ ಅಕ್ಕಡಿಯೋ ಹಸಿರೆಲೆ ಗೊಬ್ಬರವೋ ಏನು ಮಾಡಿದ್ದಾರೆ. ಸುಳ್ಳು ಫೋಟೊ ಬರುವುದಿಲ್ಲವೇ? ಬರುತ್ತದೆ. ಈಗಿನ ಹೊಂಡದ ಬಿಲ್ಲಿನಲ್ಲೂ ಸುಳ್ಳು ಬರುತ್ತದೆ. ಎಕರೆಗೆ ಸಾವಿರ ರೂಪಾಯಿಯ ಸುಳ್ಳಿಗಿಂತ ಒಂದು ಲಕ್ಷದ ಸುಳ್ಳು ದೊಡ್ಡದು.

ಹಣದ ಲೆಕ್ಕ ಕೂಡ ಹೆದರಿಸುವಂಥದ್ದಲ್ಲ. ಉತ್ತರ ಕರ್ನಾಟಕದ ಹಿಂಗಾರಿ ಸೀಮೆಯಲ್ಲಿ ಚೌಕು ಮಡಿ ಮಾಡಿದ ಎಕರೆಗೆ ವರ್ಷಕ್ಕೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. 10 ಲಕ್ಷ ಎಕರೆಗೆ 100 ಕೋಟಿ. 2023ರಲ್ಲಿ ಕೃಷಿ ಭಾಗ್ಯವನ್ನು ಮತ್ತೆ ಎಬ್ಬಿಸಲು ಇಟ್ಟಷ್ಟೇ ದುಡ್ಡು. ಮೊದಲು ಎರಡು ತಾಲ್ಲೂಕಿನಲ್ಲಿ ಮಾಡಿ ನೋಡಲಿ, ಎಷ್ಟು ರೈತರು ಎರಡನೇ ವರ್ಷವೂ ಮುಂದುವರಿಸಿದರು ಎಂದು ಎಣಿಸಲಿ. ಒಂದೇ ಷರತ್ತು. ಈ ಕೆಲಸಕ್ಕೆ ಸಿಗುವುದು ಜೂನ್ ಜುಲೈನ ಕೆಲವು ವಾರ ಮಾತ್ರ. ಮಾರ್ಗಸೂಚಿ ಮೇ ತಿಂಗಳಲ್ಲೇ ರೈತ ಸಂಪರ್ಕ ಕೇಂದ್ರ ತಲುಪಬೇಕು, ಅರ್ಧ ಹಣ ಹರಗುವ ಮುಂಚೆ ಖಾತೆಗೆ ಬೀಳಬೇಕು. ಎಂದಿನಂತೆ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿ ಮಾರ್ಚ್‌ನಲ್ಲಿ ಬಿಲ್ಲು ಮಾಡುವುದಾದರೆ ಶುರು ಮಾಡದಿರುವುದೇ ವಾಸಿ.